ಮೋಟಾರು ಮಠದ ನಾಲಿಗೆ ನಂಜುಂಡಪ್ಪ

ಬ್ಯಾಟರಿಯಿಂದ ಬಂದ ಎರಡು ತಂತಿಗಳ ತುದಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡು, ಕಣ್ಣು ಮುಚ್ಚಿ, ಪಾಯಸಕ್ಕೆ ಬೆಲ್ಲ ಸಾಕೋ ಬೇಕೋ ಎಂದು ನೋಡುವವರ ಹಾಗೆ ಒಂದು ಗಳಿಗೆ ನಿಂತು, "ಐದೂಮುಕ್ಕಾಲು" ಎನ್ನುತ್ತಿದ್ದರು ನಂಜುಂಡಪ್ಪ. ಆರು ವೋಲ್ಟಿನ ಬ್ಯಾಟರಿಯಲ್ಲಿ ಕಾಲು ವೋಲ್ಟು ಕಡಿಮೆಯಾದರೂ ಅವರ ನಾಲಿಗೆಗೆ ಗೊತ್ತಾಗುತ್ತಿತ್ತು. ಅವರ ಅಂಗಡಿಯಲ್ಲಿ ಮೀಟರು ಇರಲಿಲ್ಲವೆಂದಲ್ಲ. ಗಾಜಿನ ಮುಖದ ಒಳ್ಳೆಯ ಮೀಟರೇ ಇತ್ತು. ಅದು ಸರಿಯಾಗಿದೆಯೇ ಇಲ್ಲವೇ ಎಂದು ಪರೀಕ್ಷಿಸಲು ಅವರು ನಾಲಿಗೆ ಬಳಸುತ್ತಿದ್ದರು. ಎರಡೂ ತಾಳೆಯಾಗದಿದ್ದರೆ ಬೈಗುಳ ಮೀಟರಿಗೆ.

ಬೈಯುವುದು ಆ ನಾಲಿಗೆಯ ಇನ್ನೊಂದು ಕಸುಬು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಹತ್ತು ವರ್ಷ ಕರೆಂಟಿನ ಕೆಲಸ ಮಾಡಿ, ಮೇಸ್ತ್ರಿಯ ಜೊತೆ ಜಗಳವಾಡಿ, ಓಲ್ಡ್ ಟೌನಿನಲ್ಲಿ ಬ್ಯಾಟರಿ ಅಂಗಡಿ ಇಟ್ಟವರು. ಜಗಳ ಯಾಕಾಯಿತು ಎಂದು ಕೇಳಿದರೆ, "ಅವನಿಗೆ ನನ್ನಷ್ಟು ಗೊತ್ತಿರಲಿಲ್ಲ, ಅದು ಅವನಿಗೆ ಗೊತ್ತಾಗ್ಲಿಲ್ಲ, ಅಷ್ಟೇ" ಎನ್ನುತ್ತಿದ್ದರು. ಕಾರ್ಖಾನೆಯಿಂದ ಅವರು ತಂದದ್ದು ಎರಡೇ: ಒಂದು ಉದ್ದನೆಯ ಸ್ಕ್ರೂ ಡ್ರೈವರು, ತಮಿಳು ಫಿಟ್ಟರುಗಳಿಂದ ಕಲಿತ ಒಂದಷ್ಟು ಬೈಗುಳ. ಎರಡನ್ನೂ ಧಾರಾಳವಾಗಿ ಬಳಸುತ್ತಿದ್ದರು. ಊರಿನವರು 'ನಾಲಿಗೆ ನಂಜುಂಡಪ್ಪ' ಎಂದು ಹೆಸರಿಟ್ಟದ್ದು ಯಾವ ಕಸುಬಿಗೆ ಎಂಬುದು ಇತ್ಯರ್ಥವಾಗಲೇ ಇಲ್ಲ.

ನನಗೆ ಅವರ ಪರಿಚಯವಾದದ್ದು ಶಿವಮೊಗ್ಗದ ಚನ್ನಬಸಪ್ಪ ಸಾಹುಕಾರರ ಮೋಟಾರು ಮಠದಿಂದ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚೆ. ನಾನು ಗಾಜನೂರಿನ ಒಕ್ಕಲು ಮನೆಯವನು. ನೇಗಿಲು ಬಿಟ್ಟು ಸ್ಟೀರಿಂಗ್ ಹಿಡಿದವನು ನಮ್ಮ ಕಡೆ ನಾನೇ ಮೊದಲಿಗ. ಆಗ ನನಗೆ ಇಪ್ಪತ್ತಾರು, ಸಾಹುಕಾರರ ಗಾಡಿಗೆ ಡ್ರೈವರು.

ಸಾಹುಕಾರರಿಗೆ ಕೋಟೆಯ ಬಳಿ ಮಂಡಿ. ವ್ಯಾಪಾರಕ್ಕೆಂದು ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿಯವರೆಗೂ ತಿರುಗಾಟ. ಆದರೆ ಹೋಟೆಲಿನ ನೀರು ಮುಟ್ಟುವವರಲ್ಲ. ಪೂಜೆಯಾಗದೆ ಬಾಯಿಗೆ ಹನಿ ಹಾಕುವವರಲ್ಲ. ಅಡುಗೆಯನ್ನು ಅವರ ಮನೆಯ ಅಡುಗೆಯವಳು ಗುರಮ್ಮನೇ ಮಾಡಬೇಕು. ಹೀಗೆ ಪರವೂರಿನಲ್ಲಿ ಉಪವಾಸ ಬಿದ್ದು ಬಿದ್ದು ಸಾಕಾಗಿ, ಒಂದು ಲಾರಿಯ ಬರಿ ಚಾಸಿ ತರಿಸಿ, ಅದರ ಮೇಲೆ ತೇಗದ ಹಲಗೆಯಲ್ಲಿ ಮನೆಯನ್ನೇ ಕಟ್ಟಿಸಿಬಿಟ್ಟರು. ಒಳಗೆ ಎರಡು ಮಂಚ, ಒಂದು ಪೂಜೆಯ ಮೂಲೆ, ಸೀಮೆಎಣ್ಣೆ ಸ್ಟೌ ಇಟ್ಟ ಅಡುಗೆ ಮೂಲೆ, ನೀರಿನ ಪೀಪಾಯಿ, ಕಿಟಕಿಗೆ ಪರದೆ. ಮಂಚದ ಮೇಲೆ ಮಲಗಿದವರಿಗೆ ಗಾಳಿ ಬೀಸಲು ಊಟದ ತಟ್ಟೆಯಷ್ಟಗಲದ ಫ್ಯಾನು. ನಾಲ್ಕು ದೀಪ. ಮುಂದೆ ಕೂತ ಡ್ರೈವರನ್ನು ಎಚ್ಚರಿಸಲು ಒಂದು ಕರೆಗಂಟೆ. ಊರವರು ಅದನ್ನು ಮೋಟಾರು ಮಠ ಎಂದರು. ಸಾಹುಕಾರರಿಗೆ ಕೋಪ ಬರುತ್ತದೆಂದು ನಾವು ಎದುರಿಗೆ 'ಮೋಟಾರು ಮನೆ' ಎನ್ನುತ್ತಿದ್ದೆವು.

ಈ ಮನೆಗೆ ತಂತಿ ಎಳೆದವರು ನಂಜುಂಡಪ್ಪ. ಎಳೆಯುವಾಗಲೇ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಪಾಠ. "ಕರೆಂಟಿಗೆ ಎರಡು ದಾರಿ ಬೇಕು ಕಣೋ ತಿಮ್ಮಪ್ಪ, ಹೋಗೋಕೊಂದು, ವಾಪಸ್ ಬರೋಕೊಂದು. ಹೋಗೋ ದಾರಿ ತಂತಿ. ಬರೋ ದಾರಿ ಗಾಡಿ ಮೈಯ ಕಬ್ಬಿಣ. ನಿನ್ನ ತಲೆಗೆ ಹೋಗೋ ದಾರಿ ಮಾತ್ರ ಇದೆ, ನಾನು ಹೇಳಿದ್ದು ಯಾವ್ದೂ ವಾಪಸ್ ಬರಲ್ಲ." ಎರಡು ತಂತಿ ನಾಲಿಗೆಗೆ ಇಟ್ಟುಕೊಳ್ಳುವುದನ್ನೂ ಕಲಿಸಿದರು. ಮೊದಲ ದಿನ ನಾನು ಎರಡು ಮಾರು ಹಿಂದಕ್ಕೆ ಹಾರಿ ನೀರಿನ ಪೀಪಾಯಿಯ ಮೇಲೆ ಕೂತೆ. "ಹುಳಿ ಆಯ್ತಾ? ಹುಳಿ ಇದ್ರೆ ಜೀವ ಇದೆ ಅಂತ" ಎಂದರು. ಅವರ ಪ್ರಕಾರ ಬ್ಯಾಟರಿಗೂ ಮಜ್ಜಿಗೆಗೂ ಇದೊಂದೇ ಪರೀಕ್ಷೆ.

ಎಲ್ಲಿಯಾದರೂ ದೀಪ ಕೆಟ್ಟಿದೆ ಎಂದರೆ ಅವರು ಮೊದಲು ದೀಪ ನೋಡುತ್ತಿರಲಿಲ್ಲ. ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಪೊಲೀಸರಂತೆ ವಿಚಾರಣೆ. ನಿನ್ನೆ ಯಾರು ಹಚ್ಚಿದ್ದು, ಯಾರು ಆರಿಸಿದ್ದು, ಆಗ ಕೈ ಒದ್ದೆ ಇತ್ತಾ, ಯಾಕೆ ಒದ್ದೆ ಇತ್ತು. "ತಪ್ಪು ತಂತೀಲಿ ಇರಲ್ಲ ಮಾರಾಯ, ಮನುಷ್ಯರಲ್ಲಿ ಇರುತ್ತೆ. ಮನುಷ್ಯನ್ನ ಹಿಡಿ, ತಂತಿ ತಾನಾಗೇ ಸರಿಹೋಗುತ್ತೆ" ಎನ್ನುವುದು ಅವರ ಸಿದ್ಧಾಂತ. ಆ ಮನುಷ್ಯ ತಾವೂ ಆಗಿರಬಹುದು ಎಂಬುದು ಮಾತ್ರ ಅವರ ಲೆಕ್ಕಕ್ಕೆ ಬಂದದ್ದೇ ಇಲ್ಲ.

ಮುಗಿಸುವುದಕ್ಕೂ ಒಂದು ಕ್ರಮವಿತ್ತು. ಭಾರಿ ದೈವಭಕ್ತರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇಲ್ಲದೆ ಅವರನ್ನು ಕಂಡವರಿಲ್ಲ. ಬ್ಯಾಟರಿಯ ನೆತ್ತಿಯ ಮೇಲೆ ಎರಡು ಸೀಸದ ಗುಬುಟು ಇರುತ್ತವೆ. ದಪ್ಪ ತಂತಿಯ ತುದಿಯ ಕ್ಲಾಂಪನ್ನು ಆ ಗುಬುಟಿಗೆ ತೊಡಿಸಿ ಬಿಗಿಯಬೇಕು. ಬಿಗಿಯುವ ಮುಂಚೆ ನಂಜುಂಡಪ್ಪ ಅಂಗೈಯಲ್ಲಿ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಲ್ಲಿ ಗುಬುಟಿನ ಸುತ್ತ ಬಳಿದು, "ಶಿವಾ, ಇನ್ನು ನಿನ್ನ ಭಾರ" ಎಂದು ಕ್ಲಾಂಪು ತೊಡಿಸುತ್ತಿದ್ದರು. ನೋಡುವವರಿಗೆ ಮೈ ಜುಂ ಎನ್ನುತ್ತಿತ್ತು. ಸಾಹುಕಾರರಂತೂ ಎಷ್ಟೋ ಸಲ ನಿಂತಲ್ಲೇ ಕೈಮುಗಿದಿದ್ದರು.

ಅವರ ಬುದ್ಧಿ ಚುರುಕಾಗಿತ್ತು, ಅದನ್ನು ಇಲ್ಲವೆಂದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಕರೆಗಂಟೆಯ ಪ್ರಸಂಗ ಹೇಳಿದರೆ ತಿಳಿಯುತ್ತದೆ. ಗಂಟೆ ಒಂದು ಸಲ ಹೊಡೆದರೆ ನಿಲ್ಲಿಸು, ಎರಡು ಸಲ ಹೊಡೆದರೆ ಹೊರಡು ಎಂದು ಸಾಹುಕಾರರ ಕಟ್ಟಪ್ಪಣೆ. ಗಾಡಿ ಬಂದ ತಿಂಗಳಿಗೇ ಅದಕ್ಕೆ ಒಂದು ಕಾಯಿಲೆ ಹಿಡಿಯಿತು: ಎಡಕ್ಕೆ ತಿರುಗಿದರೆ ಸಾಕು, ಟ್ರಿಣ್. ನಾನು ಗಕ್ಕನೆ ನಿಲ್ಲಿಸುವುದು. ಹಿಂದಿನಿಂದ ಸಾಹುಕಾರರು, "ಯಾಕೋ ನಿಲ್ಸಿದೆ?"

"ನೀವೇ ಬೆಲ್ ಹೊಡೆದ್ರಲ್ಲ ಸಾಹುಕಾರ್ರೆ."

"ನಾನೆಲ್ಲಿ ಹೊಡ್ದೆ? ಜಪ ಮಾಡ್ತಾ ಕೂತಿದೀನಿ ಇಲ್ಲಿ!"

ನಂಜುಂಡಪ್ಪ ಬಂದರು, ವಿಚಾರಣೆ ನಡೆಸಿದರು, ಆಮೇಲೆ ಗಾಡಿಯ ಒಳಗೆ ಚಕ್ಕಳಮಕ್ಕಳ ಹಾಕಿ ಕೂತು, "ನಡೆಸು, ಬರೀ ಎಡಕ್ಕೇ ತಿರುಗಿಸ್ತಾ ಇರು" ಎಂದರು. ಕೋಟೆಯ ಬೀದಿಯಲ್ಲಿ ದೇವಸ್ಥಾನದ ಸುತ್ತ ಎಡಕ್ಕೆ, ಎಡಕ್ಕೆ, ಎಡಕ್ಕೆ. ನಾಲ್ಕನೇ ಸುತ್ತಿಗೆ ಹೂವಿನ ಅಂಗಡಿಯವಳು ಎದ್ದು ನಿಂತು, "ಅಪ್ರದಕ್ಷಿಣೆ ಹಾಕ್ತೀರಲ್ರೋ, ಯಾರ ಮನೆ ಹಾಳು ಮಾಡೋಕೆ?" ಎಂದು ಕೂಗಿದಳು. ಆರನೇ ಸುತ್ತಿಗೆ ಒಳಗಿನಿಂದ ಜಯಘೋಷ. ಎಡಕ್ಕೆ ತಿರುಗಿದಾಗ ಅಡುಗೆ ಮೂಲೆಯ ಅಕ್ಕಿ ಡಬ್ಬ ಬಲಕ್ಕೆ ಜಾರಿ, ಗೋಡೆಯ ಬುಡದಲ್ಲಿ ಹಾದುಹೋದ ಗಂಟೆಯ ತಂತಿಯನ್ನು ಒತ್ತುತ್ತಿತ್ತು. ಒತ್ತಿ ಒತ್ತಿ ತಂತಿಯ ಮೇಲಿನ ಬಟ್ಟೆ ಸವೆದು, ತಾಮ್ರ ಕೆಳಗಿನ ಚಾಸಿಯ ಕಬ್ಬಿಣಕ್ಕೆ ತಾಗಿ ಗಂಟೆ ಬಡಿಯುತ್ತಿತ್ತು.

"ಅಕ್ಕಿ ಡಬ್ಬಕ್ಕೆ ಒಂದು ಹಗ್ಗ ಕಟ್ಟೋಕೆ ಬರಲ್ವೇನಮ್ಮ? ಜನ ದನಾನಾದ್ರೂ ಕಟ್ತಾರೆ!" ಎಂದು ಗುರಮ್ಮನ ಮೇಲೆ ಎಗರಿದರು.

ಗುರಮ್ಮ ಸೌಟು ಕೆಳಗಿಡಲಿಲ್ಲ. "ಡಬ್ಬ ನಂದು, ಸರಿ. ತಂತೀನ ನೆಲದ ಮಟ್ಟಕ್ಕೆ ಹೊಡೆದೋರು ಯಾರು ನಂಜುಂಡಪ್ಪನೋರೆ?"

ಆ ಮಾತು ಕೇಳಿಸದವರಂತೆ ಅವರು ಸ್ಕ್ರೂ ಡ್ರೈವರು ಒರೆಸಿದರು. ಮರುದಿನ ತಂತಿ ಗೋಡೆಯ ಮೇಲಿನ ಅಂಚಿಗೆ ಏರಿತ್ತು. ಏರಿಸಿದವರು ಯಾರೆಂದು ಯಾರೂ ಕೇಳಬಾರದು, ಅವರೂ ಹೇಳುವುದಿಲ್ಲ. ಎಲ್ಲರೂ ನಕ್ಕೆವು. ನಾನೂ ನಕ್ಕೆ. ನಗುವಾಗ ಆ ಸದ್ದಿಲ್ಲದ ರಿಪೇರಿಯ ಬೆಲೆ ನನಗೆ ತಿಳಿದಿರಲಿಲ್ಲ.

ಮುಂದಿನ ವರ್ಷ ಬ್ಯಾಟರಿಯ ರಗಳೆ ಶುರುವಾಯಿತು. ದೀಪಗಳು ಮಿಣುಕು ಮಿಣುಕು. ಫ್ಯಾನು ಎಣಿಸಬಹುದಾದಷ್ಟು ನಿಧಾನ. ಬೆಳಗ್ಗೆ ಸ್ಟಾರ್ಟರು ಒತ್ತಿದರೆ ಕಟ್ ಎಂದು ಒಂದು ಸದ್ದು, ಅಷ್ಟೇ. ಹ್ಯಾಂಡಲು ತಿರುವಿ ತಿರುವಿ ನನ್ನ ರಟ್ಟೆ ಬಿದ್ದುಹೋಯಿತು. ನಂಜುಂಡಪ್ಪ ಭದ್ರಾವತಿಯಿಂದ ಬರುವರು, ಕ್ಲಾಂಪು ಬಿಚ್ಚುವರು, ಒರೆಸುವರು, ನಾಲಿಗೆ ಇಡುವರು, ಶಿವನ ಮೇಲೆ ಭಾರ ಹಾಕುವರು, ಬಿಗಿಯುವರು. ದೀಪ ಝಗ್ ಎನ್ನುವುದು. "ನೋಡ್ರಿ ಸಾಹುಕಾರ್ರೆ" ಎಂದು ಎದೆಯುಬ್ಬಿಸಿ ಹೋಗುವರು. ಮೂರನೆಯ ದಿನ ಮತ್ತೆ ಮಿಣುಕು. ಹೀಗೆ ನಾಲ್ಕು ಸಲ ಆಯಿತು.

ಐದನೆಯ ಸಲ ಅವರು ಮೊದಲು ನೋಡಿದ್ದು ಬ್ಯಾಟರಿಯನ್ನಲ್ಲ, ನನ್ನನ್ನು. ಮಂಡಿಯ ಕಟ್ಟೆಯ ಮೇಲೆ ಸಾಹುಕಾರರು, ಕೆಳಗೆ ನಾನು, ನಡುವೆ ಇವರು.

"ನಾನಿದ್ದಾಗ ಸರಿ ಇರುತ್ತೆ. ನಾನು ಹೋದ್ಮೇಲೆ ಕೆಡುತ್ತೆ. ಅಂದ್ರೆ ನಾನು ಹೋದ್ಮೇಲೆ ಯಾರೋ ಏನೋ ಮಾಡ್ತಿದಾರೆ. ಏನ್ ತಿಮ್ಮಪ್ಪ, ನಿಮ್ಮೂರ ಪಟೇಲರ ಮನೇಲಿ ರೇಡಿಯೋ ಬಂದಿದೆಯಂತೆ?"

ಬಂದಿತ್ತು. ಗಾಜನೂರಿಗೆ ಆಗ ಕರೆಂಟು ಇಲ್ಲ. ಪಟೇಲರ ರೇಡಿಯೋ ಬ್ಯಾಟರಿಯಿಂದ ಹಾಡುತ್ತಿತ್ತು. ಅದಕ್ಕೆ ಚಾರ್ಜು ತುಂಬಿಸಿಕೊಡುತ್ತಿದ್ದವರು ಇದೇ ನಂಜುಂಡಪ್ಪ. "ಅವ್ರ ಬ್ಯಾಟರಿ ಈಗೀಗ ನನ್ನ ಅಂಗಡಿಗೆ ಬರೋದೇ ಕಮ್ಮಿ ಆಗಿದೆ. ರೇಡಿಯೋ ಮಾತ್ರ ಹಾಡ್ತಾನೇ ಇದೆ. ಹ್ಯಾಗೆ ಮಾರಾಯ?"

ಇಷ್ಟೇ. ಕದ್ದ ಎಂಬ ಮಾತನ್ನು ಅವರು ಬಾಯಲ್ಲಿ ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ. ಮೋಟಾರು ಮಠದ ಬ್ಯಾಟರಿಯನ್ನು ನಾನು ಊರಿಗೆ ಹೊತ್ತು ಪಟೇಲರ ರೇಡಿಯೋಗೆ ಕೊಡುತ್ತಿದ್ದೇನೆ ಎಂದು ಸಂಜೆಯ ಹೊತ್ತಿಗೆ ಕೋಟೆಯ ಹೂವಿನ ಅಂಗಡಿಯವರೆಗೂ ಸುದ್ದಿ. ಹಿಡಿದು ಎತ್ತಿದರೆ ಸೊಂಟ ಮುರಿಯುವ ಬ್ಯಾಟರಿ ಅದು. ಅದನ್ನು ಹೊತ್ತುಕೊಂಡು ನಾನು ಗಾಜನೂರಿಗೆ ನಡೆಯುವುದನ್ನು ಜನ ಕಣ್ಣಾರೆ ಕಂಡವರಂತೆ ಹೇಳತೊಡಗಿದರು. ಸಾಹುಕಾರರು ಬೈಯಲಿಲ್ಲ, ಅದು ಇನ್ನೂ ಕೆಟ್ಟದ್ದು. "ಇನ್ನೊಂದ್ಸಲ ಕೆಟ್ರೆ ನೀನು ಊರಿಗೆ ಹೋಗ್ಬಿಡು ತಿಮ್ಮಪ್ಪ" ಎಂದರು. ಕೆಲಸ ಹೋದರೆ ಇನ್ನೊಂದು ಸಿಗುತ್ತಿತ್ತು. ಕಳ್ಳ ಎಂಬ ಹೆಸರು ಹೊತ್ತು ಹೋಗುವುದು ಹೇಗೆ? ಅದೇ ತಿಂಗಳು ನನ್ನ ಮದುವೆಯ ಮಾತು ನಡೆಯುತ್ತಿತ್ತು.

ಇನ್ನೊಂದು ಸಲ ಕೆಟ್ಟದ್ದು ಎಲ್ಲಿ ಎನ್ನುತ್ತೀರಿ? ಭದ್ರಾವತಿಯಲ್ಲಿ, ಸಾಹುಕಾರರ ಮಗಳ ನಿಶ್ಚಯದ ದಿನ, ಬೀಗರ ಮನೆಯ ಬಾಗಿಲಲ್ಲಿ. ಎಲೆಯಡಿಕೆ ಹಾಕಿಕೊಂಡು ಸಾಹುಕಾರರು ಗಂಭೀರವಾಗಿ ಮೋಟಾರು ಮಠ ಏರಿ ಎರಡು ಸಲ ಗಂಟೆ ಹೊಡೆದರು. ನಾನು ಸ್ಟಾರ್ಟರು ಒತ್ತಿದೆ. ಕಟ್. ಹ್ಯಾಂಡಲು ಹೊಡೆದೆ. ಬೆವರು ಬಂತೇ ಹೊರತು ಎಂಜಿನು ಬರಲಿಲ್ಲ. ಕೊನೆಗೆ ಜರಿ ಪೇಟ, ರೇಷ್ಮೆ ಶಲ್ಯದ ಬೀಗರೇ ಕಚ್ಚೆ ಬಿಗಿದು ಹಿಂದಿನಿಂದ ತಳ್ಳಿದರು. ಹೆಣ್ಣಿನ ಕಡೆಯವರ ಮನೆಯನ್ನು ಗಂಡಿನ ಕಡೆಯವರು ತಳ್ಳಿಕೊಂಡು ಹೋದ ನಿಶ್ಚಿತಾರ್ಥ ಅದೊಂದೇ ಇರಬೇಕು.

ಮರುದಿನ ಬೆಳಗ್ಗೆ ನಾನೇ ಬ್ಯಾಟರಿ ಪೆಟ್ಟಿಗೆ ತೆರೆದೆ. ಅಲ್ಲಿಯವರೆಗೆ ಅದನ್ನು ಮುಟ್ಟುವ ಅಧಿಕಾರ ನಂಜುಂಡಪ್ಪನವರಿಗೆ ಮಾತ್ರ ಇತ್ತು. ಕ್ಲಾಂಪು ಬಿಚ್ಚಿದರೆ ಒಳಗೆ ಗುಬುಟಿನ ಸುತ್ತ ಬಿಳಿ ಪುಡಿ, ಸುಣ್ಣದ ಗೋಡೆಯಂತೆ ಒಣಗಿ ಹತ್ತಿಕೊಂಡಿತ್ತು. ಬ್ಯಾಟರಿಯ ಆಸಿಡ್ಡಿನಿಂದ ಉಪ್ಪು ಹುಟ್ಟುವುದು ಎಲ್ಲ ಡ್ರೈವರಿಗೂ ಗೊತ್ತು. ಆದರೂ ಗುರು ಕಲಿಸಿದ ವಿದ್ಯೆ, ಬೆರಳ ತುದಿಗೆ ಚೂರು ತೆಗೆದು ನಾಲಿಗೆಗೆ ಇಟ್ಟುಕೊಂಡೆ. ಆಸಿಡ್ ಉಪ್ಪಾಗಿದ್ದರೆ ಹುಳಿಯಾಗಿ ಚುರುಕ್ ಎನ್ನಬೇಕಿತ್ತು. ಹುಳಿ ಇಲ್ಲ, ಚುರುಕಿಲ್ಲ. ಸಪ್ಪೆ ಬೂದಿ. ವಿಭೂತಿ!

ಆಗ ಎಲ್ಲ ತಿಳಿಯಿತು. ತೇಯ್ದು ಬಳಿದ ದಿನ ವಿಭೂತಿ ಒದ್ದೆ; ಒದ್ದೆಯಲ್ಲಿ ಕರೆಂಟು ಹಾಯುತ್ತದೆ, ದೀಪ ಉರಿಯುತ್ತದೆ. ಎರಡು ದಿನದಲ್ಲಿ ಅದು ಒಣಗಿ, ಗುಬುಟಿಗೂ ಕ್ಲಾಂಪಿಗೂ ನಡುವೆ ಗೋಡೆ ಎದ್ದುಬಿಡುತ್ತದೆ. ಮೊದಲ ವರ್ಷ ಅವರು ಬ್ಯಾಟರಿ ಬಿಚ್ಚಿದ್ದು ಕಡಿಮೆ, ಬಳಿದದ್ದೂ ತೆಳ್ಳಗೆ. ಒಂದು ಸಲ ಕೆಟ್ಟಿತು ನೋಡಿ, ಭಕ್ತಿ ಹೆಚ್ಚಿತು. ಭಕ್ತಿ ಹೆಚ್ಚಿದಷ್ಟೂ ಬಳಿಯುವುದು ದಪ್ಪವಾಯಿತು. ದಪ್ಪವಾದಷ್ಟೂ ಬೇಗ ಕೆಟ್ಟಿತು. ನಾನು ಚಾಕುವಿನಿಂದ ಕೆರೆದು ಕ್ಲಾಂಪು ತೊಡಿಸಿದೆ. ಸ್ಟಾರ್ಟರು ಒಂದೇ ಏಟಿಗೆ ಗುರ್ ಎಂದಿತು.

ಕುಣಿಯುತ್ತ ಹೋಗಿ ಸಾಹುಕಾರರಿಗೆ ಹೇಳಿದೆ. ಅವರ ಮುಖ ಬಿಗಿಯಿತು. "ವಿಭೂತಿಯಿಂದ ಗಾಡಿ ಕೆಡ್ತು ಅಂತೀಯಾ?" ಎಂದರು. ಆ ಪ್ರಶ್ನೆಗೆ ಹೌದೆಂದರೆ ನಾನು ದೈವದ್ರೋಹಿ, ಅಲ್ಲವೆಂದರೆ ಕಳ್ಳ. ನಂಜುಂಡಪ್ಪನವರಿಗೆ ಹೇಳಿ ಕಳಿಸಲಾಯಿತು. ಮಂಡಿಯವರೆಲ್ಲ ಸುತ್ತ ನೆರೆದರು. ನಾನು ಕೆರೆದಿಟ್ಟ ಬಿಳಿ ಪುಡಿಯನ್ನು ಎಲೆಯ ಮೇಲೆ ಅವರ ಮುಂದೆ ಹಿಡಿದೆ. "ನೀವೇ ನಾಲಿಗೆ ಇಟ್ಟು ಹೇಳಿ. ನಿಮ್ಮ ನಾಲಿಗೆ ಏನ್ ಹೇಳುತ್ತೋ ಅದಕ್ಕೆ ನಾನು ಬದ್ಧ."

ಅವರು ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಕಾಲು ವೋಲ್ಟಿನ ವ್ಯತ್ಯಾಸ ಹಿಡಿಯುವ ನಾಲಿಗೆ, ದಿನಾ ಬೆಳಗ್ಗೆ ವಿಭೂತಿ ಧರಿಸುವ ಮನುಷ್ಯ. ಅವರಿಗೆ ತಿಳಿದದ್ದು ನನಗೆ ಕಂಡಿತು. ಕಿವಿಯ ಬುಡ ಕೆಂಪಾಯಿತು.

"ಬ್ಯಾಟರಿ ಉಪ್ಪು" ಎಂದರು. ಆಮೇಲೆ ನನ್ನ ಕಡೆ ನೋಡದೆ, "ಆಗಾಗ ಬಿಚ್ಚಿ ಹಾಕಿದ್ರೆ ಹಿಂಗೇ ಆಗೋದು" ಎಂದು ಸೇರಿಸಿದರು.

ನಾನು ಅಂದೇ ಊರಿಗೆ ಹೋದೆ. ಮದುವೆಯ ಮಾತು ಮುರಿಯಿತು. ಹೆಣ್ಣಿನ ಸೋದರಮಾವ ಕೋಟೆಯಲ್ಲಿ ಹೂವು ಕೊಳ್ಳಲು ಹೋಗಿದ್ದನಂತೆ.

ಇದಕ್ಕಿಂತ ಉರಿಯುವ ವಿಷಯ ಇನ್ನೊಂದಿದೆ. ನಾನು ಬಿಟ್ಟ ಮೇಲೆ ಮೋಟಾರು ಮಠದ ಬ್ಯಾಟರಿ ಒಂದು ದಿನವೂ ಕೆಡಲಿಲ್ಲ! ದೀಪ ಝಗಝಗ, ಫ್ಯಾನು ಭರಭರ. "ನೋಡಿ, ಆ ಡ್ರೈವರ್ ಹೋದ, ಬ್ಯಾಟರಿ ಸರಿಹೋಯ್ತು" ಎಂದು ಸಾಹುಕಾರರು ಕಂಡವರಿಗೆಲ್ಲ ಹೇಳಿದರು. ಇದಕ್ಕಿಂತ ಸಾಕ್ಷಿ ಬೇಕೇ? ನನ್ನ ಹೆಸರು ಬ್ಯಾಟರಿ ತಿಮ್ಮಪ್ಪ ಎಂದು ಖಾಯಂ ಆಯಿತು. ಶಿವಮೊಗ್ಗ ಭದ್ರಾವತಿ ನಡುವಿನ ಬಸ್ಸಿಗೆ ಡ್ರೈವರನಾಗಿ ಸೇರಿದಾಗ ಮಾಲೀಕರು ಒಳ್ಳೆಯವರೇ, ನಗುನಗುತ್ತ ಮಾತಾಡಿಸಿದರು, ಬ್ಯಾಟರಿ ಪೆಟ್ಟಿಗೆಗೆ ಬೀಗ ಹಾಕಿಸಿ ಬೀಗದ ಕೈಯನ್ನು ಕಂಡಕ್ಟರನ ಉಡಿದಾರಕ್ಕೆ ಕಟ್ಟಿಸಿದರು. ಇಡೀ ಬಸ್ಸು ನನ್ನ ಕೈಯಲ್ಲಿ, ಐವತ್ತು ಜನರ ಪ್ರಾಣ ನನ್ನ ಕೈಯಲ್ಲಿ, ಬ್ಯಾಟರಿ ಮಾತ್ರ ಕಂಡಕ್ಟರನ ಸೊಂಟದಲ್ಲಿ.

ಬಸ್ಸು ದಿನಕ್ಕೆ ನಾಲ್ಕು ಸಲ ಓಲ್ಡ್ ಟೌನಿನ ಅವರ ಅಂಗಡಿಯ ಮುಂದೆ ಹಾಯಬೇಕು. ನಾಲ್ಕು ಸಲವೂ ನಾನು ಅವರ ಬಾಗಿಲಿಗೆ ಸರಿಯಾಗಿ ಹಾರನ್ ಹೊಡೆಯುತ್ತಿದ್ದೆ. ಯಾವ ಹಸು ಅಡ್ಡ ಇರಲಿಲ್ಲ, ಯಾವ ಮನುಷ್ಯ ಅಡ್ಡ ಇರಲಿಲ್ಲ. ಅವರು ತಲೆ ಎತ್ತುತ್ತಿರಲಿಲ್ಲ. ಐದಾರು ವರ್ಷ ಹೀಗೆ ನಡೆಯಿತು. ಯುದ್ಧ ಬಂತು, ಪೆಟ್ರೋಲು ಸಿಗದಾಯಿತು, ಬಸ್ಸಿನ ಹಿಂದೆ ಇದ್ದಿಲ ಗ್ಯಾಸಿನಿಂದ ಎಂಜಿನು ಓಡಿಸುವ ಒಲೆ ಬಂತು. ನನಗೆ ಮದುವೆಯೂ ಆಯಿತು, ಸುದ್ದಿ ತಲುಪದಷ್ಟು ದೂರದ ಊರಿನ ಹೆಣ್ಣು. ಹಾರನ್ ಮಾತ್ರ ನಿಲ್ಲಿಸಲಿಲ್ಲ.

ಒಂದು ಮಧ್ಯಾಹ್ನ ಬಸ್ಸು ಅವರ ಅಂಗಡಿಯ ಹತ್ತಿರವೇ ಕೆಟ್ಟು ನಿಂತಿತು. ಹಾರನ್ ಕೂಡ ಇಲ್ಲ. ಬೇರೆ ಮೆಕ್ಯಾನಿಕ್ಕು ಇಲ್ಲ, ಕಂಡಕ್ಟರ್ ಅವರನ್ನೇ ಕರೆತಂದ. ಮುದುಕರಾಗಿದ್ದರು. ನನ್ನ ಮುಖ ನೋಡದೆ ಬಾನೆಟ್ಟಿನ ಕೆಳಗೆ ಬಗ್ಗಿದರು. ಕಂಡಕ್ಟರ್ ಪೆಟ್ಟಿಗೆಯ ಬೀಗ ತೆಗೆದ, ಅವರು ಕ್ಲಾಂಪು ಬಿಚ್ಚಿ ಕೆರೆದರು. ನಾಲಿಗೆ ಇಟ್ಟರು. ಮತ್ತೆ ಕ್ಲಾಂಪು ತೊಡಿಸಿ, ಸ್ಪ್ಯಾನರಿನಲ್ಲಿ ಗಟ್ಟಿಯಾಗಿ ಬಿಗಿದರು. ಪೆಟ್ಟಿಗೆಯ ಮುಚ್ಚಳ ಹಾಕಿದರು. ಆಮೇಲೆ ವಿಭೂತಿ ತೇಯ್ದು, ಮುಚ್ಚಳದ ಮರದ ಮೇಲೆ ಮೂರು ಗೆರೆ ಎಳೆದರು. "ಶಿವಾ, ಇನ್ನು ನಿನ್ನ ಭಾರ."

ಬಿಗಿಯುವುದು ಮೊದಲು, ಶಿವ ಆಮೇಲೆ!

"ಯಾವತ್ತಿಂದ ಹಿಂಗೆ ಮಾಡ್ತಿದೀರಿ ನಂಜುಂಡಪ್ಪನೋರೆ?"

ಅವರು ಸ್ಪ್ಯಾನರು ಒರೆಸಿದರು. "ಆವತ್ತಿಂದಲೇ" ಎಂದರು.

ಬಸ್ಸಿನ ಜನರ ಮುಂದೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾಗುವುದಿಲ್ಲ. ಅವರದೇ ತಮಿಳು ಬೈಗುಳಗಳನ್ನು ಅವರಿಗೇ ವಾಪಸು ಮಾಡಿದೆ. ಐದಾರು ವರ್ಷ! ನನ್ನನ್ನು ಕಳ್ಳನೆಂದು ಸಾಬೀತು ಮಾಡಿದ್ದು ನೀವು ಯಾರಿಗೂ ಹೇಳದೆ ಸರಿಪಡಿಸಿದ ಕ್ಲಾಂಪು ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಅವರು ಬೈಸಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹೇಳ್ತೀನಿ ಮಾರಾಯ" ಎಂದರು. "ಸಾಹುಕಾರ್ರ ಎದುರಿಗೇ ಹೇಳ್ತೀನಿ. ತಪ್ಪು ನಂದು ಅನ್ನೋ ಮಾತು ಈ ನಾಲಿಗೇಲಿ ಬಂದಿಲ್ಲ ಇಷ್ಟ್ ವರ್ಷ. ಸ್ವಲ್ಪ ಅಭ್ಯಾಸ ಆಗ್ಲಿ. ಬರೋ ಸೋಮವಾರ ನಿನ್ನ ಬಸ್ಸಿಗೇ ಬರ್ತೀನಿ."

ಸೋಮವಾರ ಬರಲಿಲ್ಲ. ನಾನು ಅಂಗಡಿಯ ಮುಂದೆ ಒಂದಕ್ಕೆ ಎರಡು ಹಾರನ್ ಹೊಡೆದೆ. ಬಾಗಿಲು ಹಾಕಿತ್ತು. ನಾಲಿಗೆ ತಿರುಗಿಸಿಬಿಟ್ಟ ಮುದುಕ ಎಂದು ದಾರಿಯುದ್ದಕ್ಕೂ ಶಪಿಸಿದೆ. ಸಂಜೆ ತಿಳಿಯಿತು: ಭಾನುವಾರ ಲಕ್ವ ಹೊಡೆದು, ಬಲಗೈ ಅರ್ಧ ಹೋಗಿತ್ತು, ನಾಲಿಗೆ ಪೂರ್ತಿ ಹೋಗಿತ್ತು.

ಎರಡು ತಿಂಗಳಾದ ಮೇಲೆ, ಒಂದು ಸೋಮವಾರ, ಮಗಳ ಹೆಗಲು ಹಿಡಿದು ಅವರು ನನ್ನ ಬಸ್ಸು ಹತ್ತಿದರು. ಬಾಯಿ ಒಂದು ಕಡೆಗೆ ಸೊಟ್ಟ. ಕೈಯಲ್ಲಿ ಸ್ಪ್ಯಾನರು, ವಿಭೂತಿ ಗಟ್ಟಿ. ಎಲ್ಲಿಗೆ ಎಂದು ಕೇಳಬೇಕಾಗಿರಲಿಲ್ಲ.

ಪೆಟ್ರೋಲಿಲ್ಲದ ಕಾಲ, ಮೋಟಾರು ಮಠ ಮಂಡಿಯ ಹಿತ್ತಲಲ್ಲಿ ನಿಂತಿತ್ತು. ಬ್ಯಾಟರಿಗೆ ಆಗಾಗ ಚಾರ್ಜು ತುಂಬಿಸಿಕೊಂಡು, ಸಾಹುಕಾರರು ಮಧ್ಯಾಹ್ನ ಫ್ಯಾನು ಹಾಕಿ ಅದರೊಳಗೆ ಮಲಗುತ್ತಿದ್ದರು. ನಮ್ಮನ್ನು ಕಂಡು ಎದ್ದು ಕೂತರು. ಬಾಗಿಲಲ್ಲಿ ಗುರಮ್ಮ ನಿಂತಿದ್ದಳು. ನಂಜುಂಡಪ್ಪ ಮೊದಲು ಉರಿಯುತ್ತಿದ್ದ ದೀಪವನ್ನು ತೋರಿಸಿದರು. ಎಡಗೈಯಲ್ಲಿ ಒದ್ದಾಡಿ ಕ್ಲಾಂಪು ಬಿಚ್ಚಿದರು. ನಾನು ಸಹಾಯಕ್ಕೆ ಹೋದರೆ ಮೊಣಕೈಯಿಂದ ತಳ್ಳಿದರು. ಒಣ ವಿಭೂತಿಯನ್ನು ಪುಡಿ ಮಾಡಿ ಗುಬುಟಿನ ಸುತ್ತ ದಪ್ಪಗೆ ಮೆತ್ತಿದರು, ಕ್ಲಾಂಪು ತೊಡಿಸಿದರು. ದೀಪ ಹತ್ತಲಿಲ್ಲ. ಮತ್ತೆ ಬಿಚ್ಚಿ, ಕೆರೆದು, ತೊಡಿಸಿದರು. ದೀಪ ಹತ್ತಿತು. ಆಮೇಲೆ ಸಾಹುಕಾರರ ಮುಂದೆ ನಿಂತು, ನನ್ನ ಕಡೆ ಬೆರಳು ತೋರಿಸಿ ಇಲ್ಲ ಎಂದು ತಲೆಯಾಡಿಸಿ, ತಮ್ಮ ಎದೆಯನ್ನು ಮೂರು ಸಲ ತಟ್ಟಿಕೊಂಡರು. ಗಂಟಲಿನಿಂದ ಏನೋ ಸದ್ದು ಬಂತು. ಕಣ್ಣಲ್ಲಿ ನೀರು ಸುರಿಯಿತು.

ಸಾಹುಕಾರರು ಎರಡೂ ಕೈ ಮುಗಿದರು. "ಹೌದು ನಂಜುಂಡಪ್ಪ, ಹೌದು. ಶಿವ ಹೊರಗಿಲ್ಲ, ಇಲ್ಲೇ ಎದೆಯೊಳಗೇ ಇದಾನೆ. ನಾಲಿಗೆ ಹೋದ್ರೂ ಭಕ್ತಿ ಹೋಗ್ಲಿಲ್ಲ ನೋಡು!"

ನಂಜುಂಡಪ್ಪ ಇನ್ನೂ ಜೋರಾಗಿ ಎದೆ ತಟ್ಟಿಕೊಂಡರು. ಸಾಹುಕಾರರು ಇನ್ನೂ ಜೋರಾಗಿ ಕೈ ಮುಗಿದರು. ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

"ಅಯ್ಯೋ, ಅವ್ರು ಶಿವನ ಮಾತಾಡ್ತಿಲ್ಲ ಸಾಹುಕಾರ್ರೆ" ಎಂದಳು ಗುರಮ್ಮ ಬಾಗಿಲಿಂದ. "ತಪ್ಪು ನಂದು ಅಂತಿದಾರೆ. ವಿಭೂತಿ ಮೆತ್ತಿ ಕೆಡಿಸ್ದೋನು ನಾನು, ತಿಮ್ಮಪ್ಪ ಕದ್ದಿಲ್ಲ ಅಂತಿದಾರೆ. ನನಗೇ ತಿಳಿಯುತ್ತೆ, ನಿಮಗೆ ತಿಳಿಯಲ್ವಾ?"

ನಂಜುಂಡಪ್ಪ ಅವಳ ಕಡೆ ತಿರುಗಿ, ಹೌದು ಹೌದು ಎಂದು ತಲೆಯಾಡಿಸಿದರು. ಸಾಹುಕಾರರ ಕೈಗಳು ಮುಗಿದಂತೆಯೇ ಸ್ವಲ್ಪ ಹೊತ್ತು ಇದ್ದವು. ಅವರು ನನ್ನನ್ನು ನೋಡಲಿಲ್ಲ. ಫ್ಯಾನನ್ನು ನೋಡಿದರು, ಪೂಜೆಯ ಮೂಲೆಯನ್ನು ನೋಡಿದರು. "ಎಲ್ಲರಿಗೂ ಕಾಫಿ ತಾ ಹೋಗು ಗುರಮ್ಮ" ಎಂದರು. ಅದರಾಚೆ ಅವರು ಆ ವಿಷಯ ಎತ್ತಲಿಲ್ಲ. ಕಾಫಿ ಚೆನ್ನಾಗಿತ್ತು.

ಮಳೆಗಾಲ ಕಳೆಯುವ ಮುಂಚೆ ನಂಜುಂಡಪ್ಪ ಹೋದರು. ಬಸ್ಸನ್ನು ಓಲ್ಡ್ ಟೌನಿನಲ್ಲಿ ನಿಲ್ಲಿಸಿ ಮಣ್ಣಿಗೆ ಹೋದೆ. ಗುಂಡಿಯೊಳಗೆ ಅವರನ್ನು ಕೂರಿಸಿದ್ದರು. "ಅಗೋ, ಬ್ಯಾಟರಿ ತಿಮ್ಮಪ್ಪ ಬಂದ" ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಸಾಹುಕಾರರೂ ಬಂದಿದ್ದರು. ಇಂಥ ಭಕ್ತ ಇನ್ನು ಹುಟ್ಟುವುದಿಲ್ಲ ಎಂದು ಎಲ್ಲರೂ ಬೊಗಸೆ ಬೊಗಸೆ ವಿಭೂತಿ ಹಾಕಿದರು. ಸಾಹುಕಾರರದಂತೂ ಒಂದು ಬುಟ್ಟಿ. ನನ್ನ ಸರದಿ ಬಂದಾಗ ನಾನು ಒಂದೇ ಚಿಟಿಕೆ ಹಾಕಿದೆ. ಹೆಚ್ಚು ಹಾಕಿದರೆ ಏನಾಗುತ್ತದೆ ಎಂದು ನನ್ನಷ್ಟೇ ಚೆನ್ನಾಗಿ ಬಲ್ಲವರು ಆ ಗುಂಡಿಯೊಳಗೆ ಇನ್ನೊಬ್ಬರಿದ್ದರು. ಅವರಿಗೆ ಬಾಯಿಲ್ಲವಾಗಿತ್ತು.